ದೂರು ಒಂದು, ಕಚೇರಿ ನಾಲ್ಕು

ಬೆಂಗಳೂರಿನ ಪೊಲೀಸ್ ಠಾಣೆಗಳಲ್ಲಿ ತಿಂಗಳಿಗೊಮ್ಮೆ ಶನಿವಾರ ಜನರ ಅಹವಾಲು ಕೇಳುವ ಸಭೆ ನಡೆಯುತ್ತದೆ. ‘ಮಾಸಿಕ ಜನಸಂಪರ್ಕ ದಿವಸ’ ಎಂದು ಅದರ ಹೆಸರು. ಠಾಣೆಯ ಅಂಗಳದಲ್ಲೋ ಹತ್ತಿರದ ಸಮುದಾಯ ಭವನದಲ್ಲೋ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿರುತ್ತಾರೆ. ಡಿಸಿಪಿಯೋ ಎಸಿಪಿಯೋ ಬಂದು ಕೂರುತ್ತಾರೆ. ಒಬ್ಬ ಸಿಬ್ಬಂದಿ ರಿಜಿಸ್ಟರ್ ಹಿಡಿದು ಬರೆದುಕೊಳ್ಳುತ್ತಿರುತ್ತಾರೆ. ಸರಗಳ್ಳತನ, ಮನೆಗಳವು, ಸೈಬರ್ ವಂಚನೆಯ ಬಗ್ಗೆ ಎಚ್ಚರಿಕೆಯ ಮಾತು ಮುಗಿದು ಮೈಕು ಜನರ ಕೈಗೆ ಬಂದರೆ ಕೇಳಿಬರುವ ಮೊದಲ ದೂರು ಬಹುಮಟ್ಟಿಗೆ ಇದೇ: ‘ಸಾರ್, ನಮ್ಮನೆ ಮುಂದೆ ಯಾರ್ಯಾರೋ ಗಾಡಿ ನಿಲ್ಸಿ ಹೋಗ್ತಾರೆ.’

ಒಬ್ಬರು ಬಾಯಿ ಬಿಟ್ಟರೆ ಸಾಕು, ಉಳಿದವರಿಗೂ ಧೈರ್ಯ ಬರುತ್ತದೆ. ಗೇಟಿಗೆ ಅಡ್ಡ ನಿಂತ ಕಾರು, ಫುಟ್‌ಪಾತ್ ಹತ್ತಿದ ಬೈಕು, ತಿಂಗಳುಗಟ್ಟಲೆ ಅಲುಗಾಡದೆ ಧೂಳು ತಿನ್ನುತ್ತಿರುವ ಹಳೇ ವ್ಯಾನು, ರಾತ್ರಿ ಹನ್ನೊಂದಕ್ಕೆ ಸೈಲೆನ್ಸರ್ ಕಿತ್ತು ಹಾರಿಸುವ ಹುಡುಗರು, ಬಾರಿನಿಂದ ಬಾಟಲಿ ತಂದು ಖಾಲಿ ಸೈಟಿನಲ್ಲಿ ಕೂರುವವರು, ಒನ್‌ವೇಯಲ್ಲಿ ಎದುರಿಗೆ ನುಗ್ಗುವ ಆಟೊ, ಶಾಲೆ ಬಿಡುವ ಹೊತ್ತಿಗೆ ಕಟ್ಟಿಕೊಳ್ಳುವ ಕ್ರಾಸು. ಎಚ್‌ಎಸ್‌ಆರ್ ಲೇಔಟ್ ಇರಲಿ, ಜಯನಗರವಿರಲಿ, ವೈಟ್‌ಫೀಲ್ಡ್ ಇರಲಿ, ಪಟ್ಟಿ ಹೆಚ್ಚು ಬದಲಾಗುವುದಿಲ್ಲ.

ಉತ್ತರಗಳೂ ಬದಲಾಗುವುದಿಲ್ಲ. ‘ಅದು ಟ್ರಾಫಿಕ್‌ನವರಿಗೆ ಬರುತ್ತೆ ಯಜಮಾನ್ರೇ, ಅವರಿಗೆ ತಿಳಿಸ್ತೀವಿ.’ ಟ್ರಾಫಿಕ್‌ನವರನ್ನು ಕೇಳಿದರೆ, ‘ಫುಟ್‌ಪಾತು, ಬೋರ್ಡಿನ ಕಂಬ ಎಲ್ಲ ಪಾಲಿಕೆಯವರದ್ದು.’ ಪಾಲಿಕೆಯ ಎಂಜಿನಿಯರು, ‘ಜಲಮಂಡಳಿಯವರು ಅಗೆದಿದ್ದಾರೆ, ಅವರು ಮುಚ್ಚಿದ ಮೇಲೆ ನಾವು ಡಾಂಬರು ಹಾಕ್ತೀವಿ.’ ಕೇಳಿದ ಹಿರಿಯರು ಇವರೆಲ್ಲ ಸೇರಿ ಜಾರಿಕೊಳ್ಳುತ್ತಿದ್ದಾರೆ ಎಂದುಕೊಂಡು ಮನೆಗೆ ಹೋಗುತ್ತಾರೆ. ಆದರೆ ಅವರಲ್ಲಿ ಒಬ್ಬರೂ ಸುಳ್ಳು ಹೇಳಿರುವುದಿಲ್ಲ. ನಮ್ಮ ಬೀದಿಯ ಅಧಿಕಾರ ನಿಜವಾಗಿಯೂ ಹಾಗೆ ಹರಿದು ಹಂಚಿಹೋಗಿದೆ. ಅದು ಹೇಗೆ ಎಂದು ತಿಳಿಯದೆ ಎಷ್ಟು ಸಭೆಗೆ ಹೋದರೂ ಗಂಟಲು ನೋವು ಬಂದೀತೇ ಹೊರತು ಬೀದಿ ತೆರವಾಗದು.

ಬೆಂಗಳೂರಿನಲ್ಲಿ ಕಾನೂನು ಸುವ್ಯವಸ್ಥೆಯ ಠಾಣೆಗಳೇ ಬೇರೆ, ಸಂಚಾರ ಠಾಣೆಗಳೇ ಬೇರೆ. ಮೊದಲಿನವು ನೂರಕ್ಕೂ ಹೆಚ್ಚಿವೆ, ಎರಡನೆಯವು ಅದರ ಅರ್ಧದಷ್ಟು. ಹಾಗಾಗಿ ಒಂದು ಸಂಚಾರ ಠಾಣೆಯ ಸರಹದ್ದಿನೊಳಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಠಾಣೆಗಳ ಪ್ರದೇಶ ಸೇರಿರುತ್ತದೆ. ಖಾಲಿ ಸೈಟಿನ ಕುಡುಕರು ಒಂದು ಠಾಣೆಗೆ, ಅವರು ಅಡ್ಡಾದಿಡ್ಡಿ ನಿಲ್ಲಿಸಿದ ಬೈಕು ಇನ್ನೊಂದು ಠಾಣೆಗೆ. ರಸ್ತೆ, ಚರಂಡಿ, ಫುಟ್‌ಪಾತು, ಬೀದಿ ದೀಪ ಪಾಲಿಕೆಗೆ. ಆ ಪಾಲಿಕೆಯೂ ಈಗ ಒಂದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳಾದವು. ನೀರಿನ ಪೈಪು ಜಲಮಂಡಳಿಗೆ, ಟ್ರಾನ್ಸ್‌ಫಾರ್ಮರ್ ಬೆಸ್ಕಾಂಗೆ, ಬಸ್ಸು ಬಿಎಂಟಿಸಿಗೆ. ನಗರದ ಪಾರ್ಕಿಂಗ್ ನೀತಿ ಬರೆದದ್ದು ನಗರ ಭೂಸಾರಿಗೆ ನಿರ್ದೇಶನಾಲಯ. ಇಷ್ಟೆಲ್ಲ ಒಂದೇ ಬೀದಿಯ ಮೇಲೆ.

ಆ ಬೀದಿಯನ್ನೇ ಒಮ್ಮೆ ಅಳೆದು ನೋಡೋಣ. ನಮ್ಮ ಬಡಾವಣೆಗಳ ಅಡ್ಡರಸ್ತೆ ಸಾಮಾನ್ಯವಾಗಿ ಮೂವತ್ತು ಅಡಿಯದು. ಎರಡೂ ಬದಿಯ ಚರಂಡಿ, ಫುಟ್‌ಪಾತಿಗೆ ನಾಲ್ಕು ನಾಲ್ಕು ಅಡಿ ಕಳೆದರೆ ಉಳಿಯುವುದು ಇಪ್ಪತ್ತೆರಡು. ಈಚಿನ ಕಾರೊಂದು ಕನ್ನಡಿ ಬಿಟ್ಟು ಸುಮಾರು ಆರಡಿ ಅಗಲ. ಬದಿಗೆ ಸ್ವಲ್ಪ ಜಾಗ ಬಿಟ್ಟು ಎರಡೂ ಕಡೆ ಒಂದೊಂದು ನಿಂತರೆ ಹದಿಮೂರು ಅಡಿ ಹೋಯಿತು. ಉಳಿದದ್ದು ಒಂಬತ್ತು. ಅಗ್ನಿಶಾಮಕ ವಾಹನದ ಅಗಲವೇ ಎಂಟಡಿಯ ಆಸುಪಾಸು. ಡ್ರೈವರು ಪಳಗಿದವನಾದರೆ ಉಸಿರು ಬಿಗಿಹಿಡಿದು ದಾಟಿಸಬಹುದು. ಮನೆ ಕಟ್ಟುವವರು ಜಲ್ಲಿ ಸುರಿದಿದ್ದರೆ, ಯಾರದೋ ಸ್ಕೂಟರು ಕಾರಿನ ಪಕ್ಕಕ್ಕೆ ನಿಂತಿದ್ದರೆ, ಮೂಲೆಯಲ್ಲಿ ಒಂದು ಟೆಂಪೊ ತಿರುವಿಗೆ ಒತ್ತಿಕೊಂಡಿದ್ದರೆ ಮುಗಿಯಿತು. ಇಪ್ಪತ್ತಡಿ ರಸ್ತೆಗಳ ಪಾಡು ಹೇಳುವುದೇ ಬೇಡ. ಹೃದಯಾಘಾತವಾದವರ ಮನೆಗೆ ಆಂಬುಲೆನ್ಸ್ ಬಾರದೆ ಸ್ಟ್ರೆಚರನ್ನು ಮುಖ್ಯರಸ್ತೆಯವರೆಗೆ ಕೈಯಲ್ಲೇ ಹೊತ್ತು ತರುವ ಗತಿ ನಾಳೆ ಯಾರ ಮನೆಗೂ ಬರಬಹುದು. ಪಾರ್ಕಿಂಗ್ ಕುರಿತ ದೂರನ್ನು ಮಧ್ಯಮ ವರ್ಗದ ಗೊಣಗಾಟ ಎಂದು ತಳ್ಳಿಹಾಕುವವರು ಈ ಒಂಬತ್ತು ಅಡಿಯನ್ನು ನೆನಪಿಟ್ಟುಕೊಳ್ಳಬೇಕು.

ಹಾಗೆಂದು ದೂರು ಕೊಡುವವರದ್ದೆಲ್ಲ ನ್ಯಾಯವೇ ಎಂದೂ ಹೇಳಲಾರೆ. ಮನೆ ಮುಂದಿನ ರಸ್ತೆ ಮನೆಯವರದು ಎಂಬ ನಂಬಿಕೆ ನಮ್ಮಲ್ಲಿ ಬಹಳ ಆಳವಾಗಿದೆ. ಅದಕ್ಕೇ ಗೇಟಿನ ಎದುರು ಹೂವಿನ ಕುಂಡ, ಸಿಮೆಂಟು ತುಂಬಿದ ಪೇಂಟಿನ ಡಬ್ಬ, ಚಪ್ಪಡಿ ಕಲ್ಲು, ಸರಪಳಿ. ಗೇಟಿಗೆ ತಗಲಿಸಿದ ಬೋರ್ಡಿನಲ್ಲಿ ‘ನೋ ಪಾರ್ಕಿಂಗ್, ಗಾಳಿ ತೆಗೆಯಲಾಗುವುದು’. ಈ ಬೋರ್ಡಿಗೆ ಕಾನೂನಿನ ಬೆಂಬಲವಿಲ್ಲ. ಯಾವ ರಸ್ತೆಯಲ್ಲಿ ವಾಹನ ನಿಲ್ಲಬಾರದು, ಯಾವುದು ಏಕಮುಖ ಎಂದು ನಿರ್ಧರಿಸಿ ಫಲಕ ಹಾಕುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 115 ಮತ್ತು 116ನೇ ಕಲಮುಗಳ ಪ್ರಕಾರ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟವರಿಗೆ. ಬೆಂಗಳೂರಿನಲ್ಲಿ ಅಂಥ ಅಧಿಸೂಚನೆ ಪೊಲೀಸ್ ಆಯುಕ್ತರ ಕಚೇರಿಯಿಂದ ಹೊರಡುತ್ತದೆ. ರಸ್ತೆಗೆ ಕಲ್ಲು, ಕುಂಡ ಇಟ್ಟು ಅಡ್ಡಿ ಮಾಡುವುದಂತೂ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಡಿ ಅದಕ್ಕೆ 5,000 ರೂಪಾಯಿವರೆಗೆ ದಂಡವಿದೆ.

ಆದರೆ ಗೇಟಿಗೆ ಅಡ್ಡವಾಗಿ ನಿಲ್ಲಿಸುವುದು ಮಾತ್ರ ಬೋರ್ಡು ಇರಲಿ ಬಿಡಲಿ ತಪ್ಪೇ. ಫುಟ್‌ಪಾತಿನ ಮೇಲೆ, ಬಸ್ ನಿಲ್ದಾಣದ ಬಳಿ, ಶಾಲೆ ಆಸ್ಪತ್ರೆಗಳ ಪ್ರವೇಶದಲ್ಲಿ, ಪಾದಚಾರಿಗಳು ದಾಟುವಲ್ಲಿ, ನಿಂತ ವಾಹನದ ಪಕ್ಕಕ್ಕೆ ಜೋಡಿಯಾಗಿ, ಯಾರದೇ ಆವರಣದ ದ್ವಾರಕ್ಕೆ ಅಡ್ಡವಾಗಿ ನಿಲ್ಲಿಸಬಾರದೆಂದು ಕೇಂದ್ರದ ಚಾಲನಾ ನಿಯಮಗಳೇ ಹೇಳುತ್ತವೆ. ಅಪಾಯವಾಗುವಂತೆ, ಇತರರಿಗೆ ತೊಂದರೆಯಾಗುವಂತೆ ವಾಹನ ಬಿಟ್ಟುಹೋಗುವುದನ್ನು ಕಾಯ್ದೆಯ 122ನೇ ಕಲಮು ನಿಷೇಧಿಸುತ್ತದೆ. ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆಗೂ ಮೀರಿ ವಾರಸುದಾರರಿಲ್ಲದೆ ನಿಂತ ವಾಹನವನ್ನು, ನಿಷೇಧವಿದ್ದಲ್ಲಿ ನಿಂತದ್ದನ್ನು ಎಳೆದೊಯ್ಯಲು ಇಲ್ಲವೇ ಚಕ್ರಕ್ಕೆ ಬೀಗ ಜಡಿಯಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ 127ನೇ ಕಲಮು ಅಧಿಕಾರ ಕೊಡುತ್ತದೆ. ಧೂಳು ತಿನ್ನುವ ಹಳೇ ವ್ಯಾನಿನ ಬಗ್ಗೆ ದೂರು ಕೊಡುವವರು ಈ ಕಲಮನ್ನು ಅರ್ಜಿಯಲ್ಲಿ ಬರೆದರೆ ಮಾತು ಬೇರೆ ತೂಕ ಪಡೆಯುತ್ತದೆ.

ವ್ಯತ್ಯಾಸ ಇಷ್ಟೆ. ನನ್ನ ಗಾಡಿ ಹೊರತೆಗೆಯಲು ಬಿಡುತ್ತಿಲ್ಲ ಎಂಬುದು ದೂರು. ನನ್ನ ಮನೆಯ ಎದುರು ನನ್ನ ಎರಡನೇ ಕಾರು ನಿಲ್ಲಬೇಕಾದ ಜಾಗದಲ್ಲಿ ಬೇರೆಯವರು ನಿಲ್ಲಿಸಿದ್ದಾರೆ ಎಂಬುದು ದೂರಲ್ಲ. ಸಭೆಯಲ್ಲಿ ಇವೆರಡೂ ಒಂದೇ ಉಸಿರಿನಲ್ಲಿ ಬಂದಾಗ ಅಧಿಕಾರಿಗಳು ಎರಡನ್ನೂ ಒಟ್ಟಿಗೆ ಬದಿಗಿಡುತ್ತಾರೆ. ಅದರಿಂದ ನಷ್ಟವಾಗುವುದು ಮೊದಲನೆಯವರಿಗೆ.

ಟೋಯಿಂಗ್ ಲಾರಿ ಮತ್ತೆ ಬರಲಿ ಎಂದು ಕೇಳುವವರು ಈಗ ಬಹಳ ಮಂದಿ. ಅದನ್ನು ನಿಲ್ಲಿಸಿದ್ದೂ ಜನರ ಒತ್ತಾಯದ ಮೇಲೆಯೇ. ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿದ್ದ ಟೋಯಿಂಗ್‌ನಲ್ಲಿ ಸಿಬ್ಬಂದಿಯ ದುರ್ವರ್ತನೆ, ಗಾಡಿಗಳಿಗೆ ಆಗುತ್ತಿದ್ದ ಹಾನಿ, ಮಾಲೀಕ ಎದುರಿಗೇ ನಿಂತು ಬೇಡಿಕೊಂಡರೂ ಎತ್ತಿಕೊಂಡು ಹೋಗುವ ಅವಸರ ಇವೆಲ್ಲ ಆಕ್ರೋಶಕ್ಕೆ ಕಾರಣವಾಗಿ 2022ರ ಫೆಬ್ರುವರಿಯಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಎತ್ತಿದ ಗಾಡಿಯ ಲೆಕ್ಕಕ್ಕೆ ಹಣ ಸಿಗುವ ಗುತ್ತಿಗೆದಾರ ಗೇಟಿಗೆ ಅಡ್ಡ ನಿಂತ ಕಾರಿಗಿಂತ ಸುಲಭವಾಗಿ ಎತ್ತಬಹುದಾದ ಸ್ಕೂಟರನ್ನೇ ಹುಡುಕುತ್ತಾನೆ. ದೋಷವಿದ್ದದ್ದು ಈ ಲೆಕ್ಕಾಚಾರದಲ್ಲಿ. ಟೋಯಿಂಗ್ ಬೇಕು ಎನ್ನುವ ನಾಗರಿಕ ಸಂಘಗಳು, ದೂರು ಬಂದ ಜಾಗಕ್ಕೆ ಮೊದಲು ಹೋಗಬೇಕು, ಎತ್ತುವ ಮುನ್ನ ಫೋಟೊ ತೆಗೆಯಬೇಕು, ಸ್ಥಳದಲ್ಲಿ ಪೊಲೀಸ್ ಅಧಿಕಾರಿ ಇರಬೇಕು ಎಂಬ ಷರತ್ತುಗಳನ್ನೂ ಜತೆಗೇ ಕೇಳಬೇಕು.

ದಂಡದ ಕಥೆಯೂ ಹಾಗೆಯೇ. ಮುಖ್ಯ ಜಂಕ್ಷನ್‌ಗಳಲ್ಲಿ ಕ್ಯಾಮೆರಾ ಬಂದಿವೆ, ಸಿಗ್ನಲ್ ಹಾರಿದರೆ ನೋಟಿಸು ಮನೆಗೆ ಬರುತ್ತದೆ. ಅಡ್ಡರಸ್ತೆಯಲ್ಲಿ ಸಾಮಾನ್ಯವಾಗಿ ಅಂಥ ಕ್ಯಾಮೆರಾ ಇರುವುದಿಲ್ಲ. ಅಲ್ಲಿ ಜನರೇ ಫೋಟೊ ತೆಗೆದು ಸಂಚಾರ ಪೊಲೀಸರ ಆ್ಯಪಿಗೆ ಕಳಿಸಬೇಕು. 2015ರಿಂದ ಇದ್ದ ‘ಪಬ್ಲಿಕ್ ಐ’ಗೆ ಬಂದ ದೂರುಗಳ ಮೇಲೆ ನೋಟಿಸುಗಳು ಹೋಗಿದ್ದು ನಿಜ. ಈ ಕೆಲಸ ಈಗ ‘ಅಸ್ತ್ರಂ’ ಆ್ಯಪಿನಲ್ಲಿದೆ. ಇನ್ನೊಂದೆಡೆ ಸರ್ಕಾರ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಿತು, ಆಮೇಲೂ ಕೊಟ್ಟಿತು. ಖಜಾನೆಗೆ ಕೋಟಿಗಟ್ಟಲೆ ಹಣ ಬಂತು, ನ್ಯಾಯಾಲಯದ ಹೊರೆಯೂ ಇಳಿದಿರಬಹುದು. ಆದರೆ ಸಕಾಲಕ್ಕೆ ದಂಡ ಕಟ್ಟಿದವನು ಪೂರ್ತಿ ಕಟ್ಟಿದ, ಕಾದು ಕೂತವನು ಅರ್ಧ ಕಟ್ಟಿದ. ಇದು ತಪ್ಪು ಪಾಠ.

ಇಷ್ಟೆಲ್ಲ ಹೇಳಿದ ಮೇಲೂ ಮೂಲ ಸಂಗತಿ ಹಾಗೇ ಉಳಿದಿದೆ. ಪೊಲೀಸರು ಗಾಡಿ ಎತ್ತಿಸಬಲ್ಲರು, ಜಾಗ ಹುಟ್ಟಿಸಲಾರರು. ಬೆಂಗಳೂರಿನ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿ ಆಗಿದೆ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಅಂದರೆ ಸುಮಾರು 135 ಚದರಡಿ. ತರ್ಟಿ ಫಾರ್ಟಿ ಸೈಟಿನ ಒಂಬತ್ತನೇ ಒಂದು ಭಾಗ. ಆ ಸೈಟಿನಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ, ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ್ದ ಕೆಳಗಿನ ಸ್ಟಿಲ್ಟನ್ನು ಅಂಗಡಿಗೋ ಪಿ.ಜಿ.ಯ ಅಡುಗೆಮನೆಗೋ ಬಾಡಿಗೆಗೆ ಕೊಟ್ಟರೆ, ಆ ಮನೆಯ ಬಾಡಿಗೆದಾರರ ಗಾಡಿಗಳೆಲ್ಲ ಬರುವುದು ಬೀದಿಗೆ. ಬಡಾವಣೆಗಳ ಪಾರ್ಕಿಂಗ್ ಸಂಕಟದ ಬಹುದೊಡ್ಡ ಪಾಲು ಹುಟ್ಟುವುದು ಇಲ್ಲಿ. ನಕ್ಷೆಗೆ ಒಪ್ಪಿಗೆ ಕೊಟ್ಟವರು, ಉಲ್ಲಂಘನೆ ನೋಡಿ ಸುಮ್ಮನಿದ್ದವರು ಪಾಲಿಕೆಯವರು. ಸಿಟ್ಟು ಎದುರಿಸುವವರು ಸಂಚಾರ ಪೊಲೀಸರು. ಠಾಣೆಯ ಸಭೆಗೆ ಹೋಗುವ ನಾವು ಅದೇ ಉಮೇದಿನಲ್ಲಿ ಪಾಲಿಕೆಯ ನಗರ ಯೋಜನಾ ವಿಭಾಗದ ಬಾಗಿಲು ತಟ್ಟುವುದಿಲ್ಲ. ಕಾರಣವೂ ಗೊತ್ತಿರುವುದೇ. ಸ್ಟಿಲ್ಟು ಬಾಡಿಗೆಗೆ ಕೊಟ್ಟವರು ನೆರೆಯವರು, ಕೆಲವೊಮ್ಮೆ ಸಂಘದ ಪದಾಧಿಕಾರಿಗಳು.

ಭೂಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿದ ಎರಡನೇ ಪಾರ್ಕಿಂಗ್ ನೀತಿಗೆ 2021ರ ಹೊತ್ತಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ಪ್ರತಿ ಪ್ರದೇಶಕ್ಕೂ ಪ್ರತ್ಯೇಕ ಪಾರ್ಕಿಂಗ್ ಯೋಜನೆ, ವಸತಿ ರಸ್ತೆಯಲ್ಲಿ ನಿಲ್ಲಿಸುವವರಿಗೆ ವಾರ್ಷಿಕ ಪರವಾನಗಿ ಅದರ ಮುಖ್ಯ ಅಂಶ. ಸಣ್ಣ ಕಾರಿಗೆ ವರ್ಷಕ್ಕೆ 1,000, ದೊಡ್ಡದಕ್ಕೆ 5,000 ರೂಪಾಯಿ ಎಂದು ಸೂಚಿಸಲಾಗಿತ್ತು. ಸುದ್ದಿ ಬಂದ ಕೂಡಲೇ ‘ನಮ್ಮ ಮನೆ ಮುಂದೆ ನಿಲ್ಲಿಸಲು ನಾವೇ ದುಡ್ಡು ಕೊಡಬೇಕೇ’ ಎಂಬ ಕೂಗೆದ್ದಿತು. ದಿನಕ್ಕೆ ಹದಿನಾಲ್ಕು ರೂಪಾಯಿಯೂ ಆಗದ ಆ ದೊಡ್ಡ ಶುಲ್ಕಕ್ಕೆ ಒಂದು ಲೋಟ ಕಾಫಿ ಬರುವುದೂ ಕಷ್ಟ. ನನ್ನ ಮಟ್ಟಿಗೆ ಆ ನೀತಿ ಸರಿಯಾದ ದಾರಿಯಲ್ಲಿತ್ತು. ಸಾರ್ವಜನಿಕ ನೆಲವನ್ನು ಹಗಲೂ ರಾತ್ರಿ ಪುಕ್ಕಟೆ ಬಳಸುವವರು ನಡೆದುಹೋಗುವವರಿಗೆ, ಕಾರೇ ಇಲ್ಲದವರಿಗೆ ಋಣಿಗಳು. ಕ್ಯಾಲಿಫೋರ್ನಿಯಾದಲ್ಲಿ ಪಾಠ ಹೇಳುತ್ತಿದ್ದ ಡೊನಾಲ್ಡ್ ಶೂಪ್ ಎಂಬ ವಿದ್ವಾಂಸರು ತಮ್ಮ ಜೀವಮಾನವನ್ನೆಲ್ಲ ಇದೊಂದೇ ವಿಷಯಕ್ಕೆ ಕೊಟ್ಟವರು. ಕಾರುಗಳು ತಮ್ಮ ಆಯುಷ್ಯದ ನೂರಕ್ಕೆ 95 ಭಾಗ ನಿಂತೇ ಇರುತ್ತವೆ, ಆ ನಿಲುಗಡೆಯ ಬೆಲೆಯನ್ನು ಕಾರಿಲ್ಲದವರೂ ತೆರುತ್ತಾರೆ ಎಂದು 2005ರ ತಮ್ಮ ಪುಸ್ತಕದಲ್ಲಿ ಅವರು ವಿವರಿಸಿದರು.

ಜಪಾನಿನಲ್ಲಿ 1962ರಿಂದಲೇ ಕಾರು ಕೊಳ್ಳುವವರು ಅದನ್ನು ನಿಲ್ಲಿಸಲು ರಸ್ತೆಯ ಹೊರಗೆ ಜಾಗವಿದೆ ಎಂದು ತೋರಿಸಬೇಕು. ಆ ಪ್ರಮಾಣಪತ್ರ ಕೊಡುವವರು ಸ್ಥಳೀಯ ಪೊಲೀಸರು. ನಮ್ಮ ದೇಶದಲ್ಲೇ ಗುಡ್ಡದ ಮೇಲಿನ ಐಜಾಲ್ ನಗರದಲ್ಲಿ ಗ್ಯಾರೇಜಿನ ಪುರಾವೆ ಕೇಳುವ ಪದ್ಧತಿಯಿದೆ. ದೆಹಲಿ 2019ರಲ್ಲಿ ಹೊಸ ನಿಯಮ ಮಾಡಿ, ಪ್ರದೇಶವಾರು ಪಾರ್ಕಿಂಗ್ ಯೋಜನೆಯನ್ನು ಸ್ಥಳೀಯ ನಿವಾಸಿಗಳ ಜತೆ ಕೂತು ಮಾಡಬೇಕು, ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನದ ದಾರಿ ಸದಾ ತೆರೆದಿರಬೇಕು ಎಂದು ಬರೆಯಿತು. ದೆಹಲಿಯ ರಸ್ತೆಗಳು ಆದರ್ಶವೇನಲ್ಲ. ಆದರೂ ಆ ಕೊನೆಯ ಷರತ್ತನ್ನು ನಮ್ಮ ಪ್ರತಿಯೊಂದು ಬಡಾವಣೆಯೂ ಮೊದಲ ಬೇಡಿಕೆಯಾಗಿ ಇಡಬೇಕು. ಒಂದು ಬದಿ ಮಾತ್ರ ಪಾರ್ಕಿಂಗ್ ಎಂದು ಒಪ್ಪಿಕೊಂಡರೆ ಮೂವತ್ತಡಿ ರಸ್ತೆಯಲ್ಲಿ ಒಂಬತ್ತು ಅಡಿಯ ಬದಲು ಹದಿನೈದೂವರೆ ಅಡಿ ಸಿಗುತ್ತದೆ. ಸಮದಿನ, ಬೆಸದಿನ ಎಂದು ಬದಿ ಬದಲಾಯಿಸಿಕೊಂಡರೆ ಎದುರು ಬದುರು ಮನೆಯವರಿಗೆ ಸಮಪಾಲು. ಇದಕ್ಕೆ ಬೇಕಾದದ್ದು ಒಂದು ಅಧಿಸೂಚನೆ, ಕೆಲವು ಫಲಕ, ಮತ್ತು ಬೀದಿಯವರ ಒಪ್ಪಿಗೆ. ಮೊದಲ ಎರಡನ್ನು ಸರ್ಕಾರ ಕೊಡಬಹುದು, ಮೂರನೆಯದನ್ನು ನಾವೇ ಕೊಡಬೇಕು.

ಸಂಚಾರದ ದೂರುಗಳಿಗೂ ಪೊಲೀಸರಷ್ಟೇ ಕಾರಣರಲ್ಲ. ಮುಖ್ಯರಸ್ತೆ ಕಟ್ಟಿಕೊಂಡಾಗ ಮೊಬೈಲಿನ ನಕ್ಷೆ ಜನರನ್ನು ಒಳರಸ್ತೆಗೆ ತಿರುಗಿಸುತ್ತದೆ. ಮೆಟ್ರೊ ನಿಲ್ದಾಣದ ಬಳಿ ವಾಹನ ನಿಲ್ಲಿಸಲು ಜಾಗ ಸಾಲದಿದ್ದರೆ ಹತ್ತಿರದ ಕ್ರಾಸುಗಳೆಲ್ಲ ಬೆಳಿಗ್ಗೆ ಎಂಟಕ್ಕೇ ತುಂಬುತ್ತವೆ. ವೇಗ ತಗ್ಗಿಸಲು ನಿವಾಸಿಗಳು ಹಂಪ್ ಕೇಳುತ್ತಾರೆ, ಗುತ್ತಿಗೆದಾರ ಒಂದು ರಾತ್ರಿಯಲ್ಲಿ ದಿಬ್ಬ ಕಟ್ಟಿ ಹೋಗುತ್ತಾನೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪು ಹತ್ತು ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಿದರೆ ಬೆನ್ನಿಗೆ ಪೆಟ್ಟಾಗಬಾರದು. ನಮ್ಮಲ್ಲಿರುವ ಬಹುಪಾಲು ಹಂಪುಗಳು ಅಗಲವಿಲ್ಲದ ಗೋಡೆಗಳು. ಬಿಳಿ ಪಟ್ಟೆಯಿಲ್ಲ, ಮುನ್ಸೂಚನೆಯ ಫಲಕವಿಲ್ಲ. ರಾತ್ರಿ ಬೈಕಿನವರು ಬೀಳುತ್ತಾರೆ, ಗರ್ಭಿಣಿಯರು ಆಟೊದಲ್ಲಿ ನರಳುತ್ತಾರೆ. ಹಂಪು ಬೇಕೆಂದು ಅರ್ಜಿ ಕೊಡುವಾಗ ಅಳತೆಯನ್ನೂ ಬರೆಯಿರಿ.

ಶಾಲೆಯ ವಿಚಾರ ಸ್ವಲ್ಪ ನಿಂತು ಹೇಳಬೇಕು. ನಮ್ಮ ಬಡಾವಣೆಯ ಒಂದು ಶಾಲೆಯ ಮುಂದೆ ಬೆಳಿಗ್ಗೆ ಎಂಟೂಕಾಲರಿಂದ ಎಂಟೂ ಮುಕ್ಕಾಲರವರೆಗೆ ನಿಂತರೆ ಇಡೀ ಸಮಸ್ಯೆ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಮೊದಲು ಹಳದಿ ಬಸ್ಸುಗಳು ಬರುತ್ತವೆ, ಅವುಗಳಿಂದ ತೊಂದರೆಯಿಲ್ಲ. ನಲವತ್ತು ಮಕ್ಕಳನ್ನು ಒಂದೇ ನಿಲುಗಡೆಯಲ್ಲಿ ಇಳಿಸಿ ಹೊರಡುತ್ತವೆ. ಆಮೇಲೆ ಕಾರುಗಳು. ಒಂದೊಂದರಲ್ಲಿ ಒಂದೊಂದು ಮಗು. ಗೇಟಿನ ಎದುರೇ ಇಳಿಸಬೇಕೆಂಬ ಹಟದಲ್ಲಿ ಅಪ್ಪ ಅಥವಾ ಡ್ರೈವರು ನಡುರಸ್ತೆಯಲ್ಲಿ ಹಜಾರ್ಡ್ ಲೈಟು ಹಾಕಿ ನಿಲ್ಲಿಸುತ್ತಾನೆ. ಬ್ಯಾಗು ತೆಗೆದು, ನೀರಿನ ಬಾಟಲಿ ಕೊಟ್ಟು, ಟಾಟಾ ಹೇಳಿ ಮುಗಿಯುವ ಹೊತ್ತಿಗೆ ಹಿಂದೆ ಹನ್ನೆರಡು ಗಾಡಿ. ಎದುರಿನಿಂದ ತರಕಾರಿ ಗಾಡಿಯವನು, ಪಕ್ಕದ ಗೇಟಿನಿಂದ ಡಯಾಲಿಸಿಸ್‌ಗೆ ಹೊರಟ ಹಿರಿಯರು. ನಡೆದು ಬರುವ ಮಕ್ಕಳು ಎರಡು ಬಂಪರಿನ ನಡುವೆ ನುಸುಳಿ ಗೇಟು ಸೇರುತ್ತಾರೆ. ನಿವಾಸಿಗಳ ಸಂಘದವರು ಬಹಳ ಕಾಲ ಪತ್ರ ಬರೆದರು. ಫಲ ಕೊಟ್ಟದ್ದು ಪತ್ರವಲ್ಲ. ಸಂಚಾರ ಇನ್‌ಸ್ಪೆಕ್ಟರು, ಶಾಲೆಯ ಆಡಳಿತದವರು, ಇಬ್ಬರು ನಿವಾಸಿಗಳು ಒಂದು ಬೆಳಿಗ್ಗೆ ಒಟ್ಟಿಗೆ ಅಲ್ಲಿ ನಿಂತು ನೋಡಿದರು. ಶಾಲೆ ತನ್ನ ಹಿಂದಿನ ಗೇಟು ತೆರೆಯಲು ಒಪ್ಪಿತು, ತರಗತಿಗಳ ಸಮಯ ಕಾಲು ಗಂಟೆ ಹಿಂದೆ ಮುಂದೆ ಆಯಿತು, ಆ ಹೊತ್ತಿಗೆ ಮಾತ್ರ ರಸ್ತೆ ಒಮ್ಮುಖವಾಯಿತು. ಶಾಲೆಯ ಕಾವಲುಗಾರರೇ ಬ್ಯಾರಿಕೇಡ್ ಸರಿಸುತ್ತಾರೆ. ಪೂರ್ತಿ ಸರಿಹೋಗಿಲ್ಲ, ಆದರೆ ಡಯಾಲಿಸಿಸ್‌ನ ಹಿರಿಯರು ಹೊತ್ತಿಗೆ ಸರಿಯಾಗಿ ಹೊರಡುತ್ತಾರೆ.

ಇನ್ನು ಕಾವಲಿನ ಮಾತು. ಠಾಣೆಯ ಸಿಬ್ಬಂದಿ ಬಂದೋಬಸ್ತಿಗೆ ಹೋಗದ ದಿನವೇ ಅಪರೂಪ. ಮೆರವಣಿಗೆ, ಪ್ರತಿಭಟನೆ, ಗಣ್ಯರ ಓಡಾಟ, ಕ್ರಿಕೆಟ್ಟು. ಉಳಿದವರಲ್ಲಿ ಗಸ್ತಿಗೆ ಎಷ್ಟು ಮಂದಿ? ಪೊಲೀಸರ ಹೊಯ್ಸಳ ಗಸ್ತು ವಾಹನ 112ಕ್ಕೆ ಕರೆ ಮಾಡಿದರೆ ಬರುತ್ತದೆ, ಅದು ಘಟನೆಯ ನಂತರದ ಮಾತು. ಮುಂಚೆ ತಡೆಯುವವರು ಬೀಟ್ ಪೊಲೀಸರು. ಕರ್ನಾಟಕದಲ್ಲಿ 2017ರಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂದು ಪ್ರತಿ ಸಿಬ್ಬಂದಿಗೂ ಒಂದೊಂದು ಪ್ರದೇಶ ಗೊತ್ತುಪಡಿಸಲಾಯಿತು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಎಂದು ಸರ್ಕಾರ ಇನ್ನೊಂದು ಹೆಜ್ಜೆ ಇಟ್ಟಿತು. ಬೀಟ್ ಸಿಬ್ಬಂದಿಯೇ ಮನೆಬಾಗಿಲಿಗೆ ಬಂದು ಪರಿಚಯ ಮಾಡಿಕೊಂಡು ಕುಂದುಕೊರತೆ ಕೇಳಬೇಕು. ಕೇರಳದಲ್ಲಿ 2008ರಿಂದ ಜನಮೈತ್ರಿ ಯೋಜನೆಯಲ್ಲಿ ಇದೇ ಕೆಲಸ ನಡೆದಿದೆ. ಯೋಜನೆ ಒಳ್ಳೆಯದು. ಅದರ ಯಶಸ್ಸು ಆ ಸಿಬ್ಬಂದಿಯನ್ನು ಕನಿಷ್ಠ ಒಂದೆರಡು ವರ್ಷ ಅದೇ ಬೀಟಿನಲ್ಲಿ ಉಳಿಸುವುದರಲ್ಲಿದೆ. ಬೀಟಿನವರ ಹೆಸರೇ ಗೊತ್ತಿಲ್ಲದ ಬೀದಿಯಲ್ಲಿ ವೃದ್ಧ ದಂಪತಿ ಮಾತ್ರ ಇರುವ ಮನೆ ಯಾವುದು ಎಂದು ಅವರಿಗೆ ಹೇಳುವವರು ಯಾರು?

ಇಲ್ಲೊಂದು ನೋವಿನ ಸಂಗತಿ ಹೇಳದೆ ಇರಲಾಗದು. ಸಭೆಗಳಲ್ಲಿ ‘ಅನುಮಾನಾಸ್ಪದ ವ್ಯಕ್ತಿಗಳು’ ಎಂಬ ಮಾತು ಪದೇ ಪದೇ ಬರುತ್ತದೆ. ಯಾರು ಎಂದು ಕೇಳಿದರೆ, ಊಟ ತಲುಪಿಸುವ ಹುಡುಗರು ಮರದಡಿ ಕೂತಿರುತ್ತಾರೆ, ಕಟ್ಟಡ ಕಟ್ಟುವ ಉತ್ತರ ಕರ್ನಾಟಕದ ಕೂಲಿಯವರು ಖಾಲಿ ಸೈಟಿನಲ್ಲಿ ಶೆಡ್ ಹಾಕಿದ್ದಾರೆ, ಪಿ.ಜಿ.ಯ ಹುಡುಗಿಯರು ರಾತ್ರಿ ಪಾಳಿ ಮುಗಿಸಿ ತಡವಾಗಿ ಬರುತ್ತಾರೆ. ಇವರು ಯಾರೂ ಅಪರಾಧಿಗಳಲ್ಲ, ನಮ್ಮ ಅಡುಗೆ, ಮನೆ, ಬಾಡಿಗೆಯ ಆದಾಯ ಇವರಿಂದಲೇ ನಡೆಯುತ್ತಿದೆ. ಆ ಹುಡುಗಿಯರಿಗೆ ಬಸ್ ನಿಲ್ದಾಣದಿಂದ ಪಿ.ಜಿ.ವರೆಗಿನ ಬೀದಿ ದೀಪ ಉರಿಯುವುದು ಎಲ್ಲರಿಗಿಂತ ಹೆಚ್ಚು ಅಗತ್ಯ. ಅವರು ಸಭೆಗೆ ಬರುವುದಿಲ್ಲ, ಬನ್ನಿ ಎಂದು ಕರೆದವರೂ ಇಲ್ಲ. ಬೀದಿ ಬದಿ ವ್ಯಾಪಾರಿಗಳೂ ಇಲ್ಲ, ಆಟೊ ಚಾಲಕರೂ ಇಲ್ಲ. ಸ್ವಂತ ಮನೆಯವರ ಸಂಘ ಮಾತ್ರ ಬಡಾವಣೆಯ ದನಿ ಎಂದು ಪೊಲೀಸರು ಭಾವಿಸಿದರೆ ಅದು ತಪ್ಪು ಚಿತ್ರ. ದೀಪ ಕೆಟ್ಟಿದ್ದರೆ ಪಾಲಿಕೆಯ 1533ಕ್ಕೆ ಕಂಬದ ಸಂಖ್ಯೆ ಹೇಳಿ ದೂರು ಕೊಡುವುದು ಸರಗಳ್ಳತನ ತಡೆಯುವ ಕೆಲಸವೇ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕಿದರೆ, ಅದು ಪಬ್ಬಿನದಾಗಲಿ ಪೂಜೆಯದಾಗಲಿ, 2000ದ ಶಬ್ದ ನಿಯಮಗಳು ಬೆಳಿಗ್ಗೆ ಆರರವರೆಗೆ ತಡೆಯುತ್ತವೆ. ಒಂದಕ್ಕೆ ದೂರು ಕೊಟ್ಟು ಇನ್ನೊಂದಕ್ಕೆ ಸುಮ್ಮನಿದ್ದರೆ ನಮ್ಮ ಮಾತಿಗೆ ಬೆಲೆಯಿರುವುದಿಲ್ಲ.

ಪೊಲೀಸರೂ ತಮ್ಮ ಅಂಗಳ ನೋಡಿಕೊಳ್ಳಬೇಕು. ಬಹುತೇಕ ಠಾಣೆಗಳ ಮುಂದೆ ಜಪ್ತಿ ಮಾಡಿದ ಬೈಕು, ಕಾರು, ಆಟೊಗಳು ತುಕ್ಕು ಹಿಡಿದು ಫುಟ್‌ಪಾತು ಮತ್ತು ಅರ್ಧ ರಸ್ತೆಯನ್ನು ಆಕ್ರಮಿಸಿವೆ. ನ್ಯಾಯಾಲಯದ ಆದೇಶ ಬೇಕು, ವಿಲೇವಾರಿ ತಡವಾಗುತ್ತದೆ ಎಂಬುದು ನಿಜವೇ ಇರಬಹುದು. ಆದರೆ ಆ ಸಾಲು ದಾಟಿ ಸಭೆಗೆ ಬರುವ ನಾಗರಿಕನಿಗೆ ಪಾರ್ಕಿಂಗ್ ನಿಯಮ ಹೇಳುವುದು ಹೇಗೆ? ಇವುಗಳಿಗೆ ಊರಾಚೆ ಜಾಗ ಕೊಡುವುದು ಸರ್ಕಾರಕ್ಕೆ ಕಷ್ಟದ ಕೆಲಸವಲ್ಲ. ಇನ್ನೊಂದು, ಸಭೆಯ ರಿಜಿಸ್ಟರು. ಈ ತಿಂಗಳು ಬರೆದುಕೊಂಡ ದೂರು ಮುಂದಿನ ತಿಂಗಳ ಹೊತ್ತಿಗೆ ಎಲ್ಲಿಗೆ ಬಂತು ಎಂದು ಹೇಳುವ ಪದ್ಧತಿ ಬಹಳ ಕಡೆ ಇಲ್ಲ. ಪ್ರತಿ ಸಭೆ ಹಿಂದಿನ ಸಭೆಯ ದೂರುಗಳ ಸ್ಥಿತಿ ಓದುವುದರಿಂದ ಶುರುವಾಗಬೇಕು. ಯಾವುದನ್ನು ಯಾವ ಇಲಾಖೆಗೆ ಯಾವ ದಿನ ಕಳಿಸಲಾಯಿತು, ಅಲ್ಲಿಂದ ಏನು ಬಂತು, ಎಷ್ಟೇ ನಿರಾಶೆಯ ಉತ್ತರವಾದರೂ ಸರಿ. ಓದದಿದ್ದರೆ ಮಾಹಿತಿ ಹಕ್ಕಿನಡಿ ಕೇಳಬಹುದು, ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು. ಪೊಲೀಸರ ವರ್ತನೆಯ ವಿರುದ್ಧವೇ ಗಂಭೀರ ದೂರಿದ್ದರೆ ಅದಕ್ಕೆಂದೇ ಪೊಲೀಸ್ ದೂರು ಪ್ರಾಧಿಕಾರ ಇದೆ. 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದ ಫಲವಾಗಿ ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಅದನ್ನು ಮಾಡಿತು. ಬಡಾವಣೆಗಳಲ್ಲಿ ಅದರ ಹೆಸರು ಕೇಳಿದವರು ವಿರಳ.

ದೂರನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಠಾಣೆ, ಸಂಚಾರ ಠಾಣೆ, ಪಾಲಿಕೆ, ಜಲಮಂಡಳಿ ಈ ನಾಲ್ಕೂ ಕಚೇರಿಯವರನ್ನು ಒಂದೇ ಮೇಜಿನ ಸುತ್ತ ಕೂರಿಸಬಲ್ಲ ಜಾಗ ಕಾನೂನಿನಲ್ಲಿ ಇದ್ದೇ ಇದೆ. ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ವಾರ್ಡ್ ಸಮಿತಿ ಕಡ್ಡಾಯ ಮಾಡಿತು. ಅದರ ಅಧ್ಯಕ್ಷತೆ ವಹಿಸಬೇಕಾದವರು ಕಾರ್ಪೊರೇಟರು. ಬಿಬಿಎಂಪಿಗೆ ಕೊನೆಯ ಸಲ ಆರಿಸಿದ್ದ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಅಲ್ಲಿಂದ ಐದು ವರ್ಷಕ್ಕೂ ಹೆಚ್ಚು ಕಾಲ ನಗರ ಚುನಾಯಿತ ಸದಸ್ಯರಿಲ್ಲದೆ ನಡೆಯಿತು. ಪಾರ್ಕಿಂಗಿನ ದೂರು ಠಾಣೆಯ ಅಂಗಳಕ್ಕೆ ಬಂದು ಬೀಳಲು ಇದೂ ಒಂದು ಕಾರಣ. ಹೇಳಿಕೊಳ್ಳಲು ಬೇರೆ ಬಾಗಿಲೇ ಇರಲಿಲ್ಲ.

ಮುಂದಿನ ಸಭೆಗೆ ಹೋಗುವಾಗ ಕೈಯಲ್ಲಿ ಒಂದು ಹಾಳೆ ಇರಲಿ. ಯಾವ ಕ್ರಾಸು, ಎಷ್ಟು ಗಂಟೆಗೆ, ಯಾವ ವಾಹನ, ಯಾವ ಕಲಮು, ಹಿಂದಿನ ದೂರಿನ ಸಂಖ್ಯೆ. ಅದೇ ಹಾಳೆಯ ನಕಲನ್ನು ಸಂಚಾರ ಠಾಣೆಗೂ ಪಾಲಿಕೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಬೀದಿಯ ಪಿ.ಜಿ.ಯಿಂದ ಒಬ್ಬ ಹುಡುಗಿಯನ್ನು, ಮೂಲೆಯ ಆಟೊ ನಿಲ್ದಾಣದಿಂದ ಒಬ್ಬ ಚಾಲಕರನ್ನು ಜತೆಗೆ ಕರೆದುಕೊಂಡು ಹೋಗಿ. ಹೊರಡುವ ಮೊದಲು ಗೇಟಿನ ಮುಂದಿನ ಕುಂಡಗಳನ್ನು ಒಳಗೆ ಇಡಿ.